ಅತ್ತೆ ಮಲಗಿ ನೋಡಿದ ಹಾಸಿಗೆ

ಫೆಬ್ರವರಿ 4

ನನ್ನ ಮೊಂಡಿ ನಾದಿನಿಗೆ,

ಫೋನ್ ಇರುವಾಗ ಅತ್ತಿಗೆ ಕಾಗದ ಯಾಕೆ ಬರೆದಳು ಎಂದು ನೀನು ಹುಬ್ಬು ಹಾರಿಸುತ್ತೀಯ, ಗೊತ್ತು. ಇದು ನಿನ್ನ ಅಣ್ಣನ ತೀರ್ಪು. "ಫೋನಲ್ಲಾದ್ರೆ ನೀವಿಬ್ರೂ ಅರ್ಧಕ್ಕೇ ಇಟ್ಬಿಡ್ತೀರ. ಕಾಗದ ಆದ್ರೆ ಕೊನೇವರೆಗೂ ಓದ್ಲೇಬೇಕು" ಅಂದರು. ಅವರು ಇಷ್ಟು ವರ್ಷದಲ್ಲಿ ಆಡಿದ ಬುದ್ಧಿವಂತಿಕೆಯ ಮಾತು ಇದೊಂದೇ ಇರಬೇಕು. ವ್ಯರ್ಥವಾಗಬಾರದು ಎಂದು ಬರೆಯುತ್ತಿದ್ದೇನೆ.

ಮೊದಲು ಸುದ್ದಿ. ನಮಗೆ ದೊಡ್ಡ ಆರ್ಡರ್ ಬಂದಿದೆ! ಬಸ್ ನಿಲ್ದಾಣದ ಹಿಂದೆ ಹೊಸ ಲಾಡ್ಜ್ ಏಳುತ್ತಿದೆಯಲ್ಲ, ಅದರ ಯಜಮಾನರು ತಾವೇ ಬಂದು ಎರಡು ಡಜನ್ ಹತ್ತಿ ಹಾಸಿಗೆ ಹೇಳಿ ಹೋದರು. ಜೂನ್ ಒಂದಕ್ಕೆ ಲಾಡ್ಜಿನ ಬಾಗಿಲು ತೆರೆಯುತ್ತದೆ, ಅಷ್ಟರೊಳಗೆ ಎಲ್ಲವೂ ಅಲ್ಲಿರಬೇಕು. ಇದು ಸರಿಯಾದ ಹೊತ್ತಿಗೇ ಬಂತು. ನಮ್ಮ ಕಟ್ಟಡದ ಮಾಲೀಕರು ಕಳೆದ ವಾರ ಬಂದು, ಜೂನಿನಿಂದ ವರ್ಷದ ಬಾಡಿಗೆ ಒಟ್ಟಿಗೆ ಮುಂಗಡ ಕೊಡಬೇಕು, ಇಲ್ಲದಿದ್ದರೆ ಜಾಗವನ್ನು ಫೋಮ್ ಹಾಸಿಗೆಯವರಿಗೆ ಕೊಡುತ್ತೇನೆ ಎಂದು ಹೇಳಿ ಹೋಗಿದ್ದರು. ಹೋಗುವಾಗ ಉಪದೇಶ ಬೇರೆ. "ಹಾಸಿಗೆ ಇದ್ದಷ್ಟು ಕಾಲು ಚಾಚ್ಬೇಕಮ್ಮ" ಅಂದರು. ಹಾಸಿಗೆ ಹೊಲಿಯುವವಳ ಮುಂದೆ ಬಂದು ಈ ಗಾದೆ ಹೇಳುವುದೆಂದರೆ ಎಷ್ಟು ಧೈರ್ಯ ಬೇಕು ನೋಡು. "ನಮ್ಮ ಅಂಗಡೀಲಿ ಉಲ್ಟಾ ಸ್ವಾಮಿ. ಕಾಲು ಎಷ್ಟುದ್ದ ಇದೆ ಅಂತ ನೋಡಿ ಹಾಸಿಗೆ ಹೊಲೀತೀವಿ" ಅಂದೆ. ಅವರು ನಗಲಿಲ್ಲ. ನಾನು ನಕ್ಕೆ.

ಅತ್ತೆ ಚೆನ್ನಾಗಿದ್ದಾರೆ. ಅವರ ಪರೀಕ್ಷೆ ಎಂದಿನಂತೆಯೇ ನಡೆದಿದೆ. ಮಧ್ಯಾಹ್ನ ಊಟ ಮಾಡಿ, ಕೈ ಒರೆಸಿಕೊಂಡು, ಹೊಸ ಹಾಸಿಗೆಯ ಮೇಲೆ ಮಲಗುತ್ತಾರೆ. ನಿದ್ದೆ ಬಂದರೆ ಹಾಸಿಗೆ ಪಾಸು. ಎದ್ದು ಮೂಲೆಗೆ ತಮ್ಮ ಕೈಯಿಂದಲೇ ಕೆಂಪು ದಾರದ ಗಂಟು ಹಾಕುತ್ತಾರೆ. ಬರದಿದ್ದರೆ ಹೊಲಿಗೆ ಬಿಚ್ಚಿ, ಹತ್ತಿ ತೆಗೆದು, ಮತ್ತೆ ಹಿಂಜಬೇಕು. ದಿನಕ್ಕೆ ಒಂದೇ ಹಾಸಿಗೆ. ನೀನು ಹೋಗುವ ದಿನ "ಅಮ್ಮನ ನಿದ್ದೆ ನೋಡ್ಕೊಂಡು ವ್ಯಾಪಾರ ಮಾಡಕ್ಕಾಗತ್ತಾ?" ಎಂದು ಕೂಗಿದ್ದು ಇದಕ್ಕೇ ಅಲ್ಲವೇ. ಆದರೆ ಆ ಲಾಡ್ಜಿನ ಯಜಮಾನರು ನಮ್ಮನ್ನು ಹುಡುಕಿಕೊಂಡು ಬಂದದ್ದೂ ಆ ಕೆಂಪು ದಾರಕ್ಕೇ. ನಿನ್ನೆ ಪಕ್ಕದಲ್ಲಿ ಹಿಂಜುವ ಯಂತ್ರ ಗರಗರ ಎನ್ನುತ್ತಿದ್ದರೂ ಅತ್ತೆ ಗೊರಕೆ ಹೊಡೆಯುತ್ತಿದ್ದರು. "ಚಿಂತೆ ಇಲ್ದವರಿಗೆ ಸಂತೇಲೂ ನಿದ್ದೆ" ಎಂದು ನಿನ್ನ ಅಣ್ಣ ನಗುತ್ತಾ ಯಂತ್ರ ನಿಲ್ಲಿಸಿದರು. ತಕ್ಷಣ ಅತ್ತೆಗೆ ಎಚ್ಚರವಾಯಿತು!

ಅಂಗಡಿಗೆ ಬಂದವರಿಗೆಲ್ಲ ಅತ್ತೆ ಹೇಳುವುದು ಒಂದೇ: "ಮಗಳು ದೊಡ್ಡ ಶೋರೂಮಲ್ಲಿ ಕೆಲಸ ಕಲಿಯಕ್ಕೆ ಹೋಗಿದ್ದಾಳೆ. ಕಲಿತ್ಕೊಂಡು ಬರ್ತಾಳೆ." ನಾನು ಹೌದು ಎಂದು ತಲೆಯಾಡಿಸುತ್ತೇನೆ.

ಹುಬ್ಬಿನ ಮೇಲೆ ಹತ್ತಿ ಹೊತ್ತುಕೊಂಡೇ ಬರೆಯುತ್ತಿರುವ,
ನಿನ್ನ ಅತ್ತಿಗೆ


ಫೆಬ್ರವರಿ 20

ಅತ್ತಿಗೆ,

ಕಾಗದವನ್ನು ಕೊನೆಯವರೆಗೂ ಓದಿದೆ. ಅಣ್ಣನಿಗೆ ಹೇಳಿ.

ಆರ್ಡರ್ ಬಂದದ್ದು ಕೇಳಿ ನಿಜವಾಗಿಯೂ ಖುಷಿಯಾಯಿತು. ನಿಮಗೆ ಅದನ್ನು ಮಾಡುವ ತಾಕತ್ತಿದೆ ಎನ್ನುವುದರಲ್ಲಿ ನನಗೆ ಯಾವತ್ತೂ ಅನುಮಾನವಿರಲಿಲ್ಲ. ನನ್ನ ಅನುಮಾನ ಇದ್ದದ್ದು ಬೇರೆ. ಮಧ್ಯದಲ್ಲಿ ಒಂದು ಪದರ ಫೋಮ್ ಇಟ್ಟು, ಮೇಲೂ ಕೆಳಗೂ ಹತ್ತಿ ತುಂಬಿ ಹೊಲಿದರೆ ಅರ್ಧ ದಿನದ ಕೆಲಸ ಉಳಿಯುತ್ತದೆ ಎಂದೆ. ನೀವು ಅದನ್ನು ಕೇಳಿ ನಾನು ಮನೆಗೆ ಬೆಂಕಿ ಇಡಲು ಬಂದೆನೇನೋ ಎನ್ನುವಂತೆ ನೋಡಿದಿರಿ. ಆಮೇಲೆ ಇಬ್ಬರೂ ಏನೇನು ಆಡಿದೆವೋ ಅದನ್ನು ನಾನಿಲ್ಲಿ ಬರೆಯುವುದಿಲ್ಲ. ನೀವೂ ಬರೆಯಬೇಡಿ.

ಇಲ್ಲಿನ ಶೋರೂಮ್ ನೋಡಿದರೆ ನಿಮಗೆ ನಗು ಬರುತ್ತದೆ. ಸಾಲಾಗಿ ಮಂಚಗಳು, ಅವುಗಳ ಮೇಲೆ ಸ್ಪ್ರಿಂಗ್ ಹಾಸಿಗೆ, ಫೋಮ್ ಹಾಸಿಗೆ, ಪ್ಲಾಸ್ಟಿಕ್ ಹೊದಿಕೆಯನ್ನೂ ತೆಗೆದಿರುವುದಿಲ್ಲ. ಗಿರಾಕಿಗಳು ಬೂಟು ಹಾಕಿಕೊಂಡೇ ಮಲಗುತ್ತಾರೆ. ಎರಡು ನಿಮಿಷ ಸೂರು ನೋಡುತ್ತಾರೆ. "ಚೆನ್ನಾಗಿದೆ" ಎನ್ನುತ್ತಾರೆ. ಎದ್ದು ಬೆಲೆ ಕೇಳುತ್ತಾರೆ. ಕಣ್ಣು ಮುಚ್ಚಿದವರನ್ನು ನಾನಿನ್ನೂ ನೋಡಿಲ್ಲ. ಆದರೂ ಮಾಲು ಹೋಗುತ್ತದೆ ಅತ್ತಿಗೆ, ಗಾಡಿಗಟ್ಟಲೆ ಹೋಗುತ್ತದೆ.

ನನ್ನ ಸುದ್ದಿ: ಕೆಲಸ ಖಾಯಂ ಆಯಿತು. ಸ್ನೇಹಿತೆಯ ಮನೆ ಬಿಟ್ಟು ಸ್ವಂತಕ್ಕೆ ಒಂದು ಕೋಣೆ ಹಿಡಿದಿದ್ದೇನೆ, ವರ್ಷದ ಕರಾರು. ಕಿಟಕಿಯಿಂದ ನೋಡಿದರೆ ಪಕ್ಕದ ಕಟ್ಟಡದ ನೀರಿನ ಟ್ಯಾಂಕ್ ಕಾಣುತ್ತದೆ. ಸಾಕು. ನಾನು ಇನ್ನು ಇಲ್ಲಿಯವಳೇ ಎಂದು ಅಮ್ಮನಿಗೆ ಓದಿ ಹೇಳಿ, ಸಂತೋಷಪಡುತ್ತಾಳೆ. ನನ್ನ ಮಂಚ, ಹಾಸಿಗೆ ಎಲ್ಲ ತೆಗೆದು ಆ ಜಾಗದಲ್ಲಿ ಹತ್ತಿ ಮೂಟೆ ಇಟ್ಟುಕೊಳ್ಳಿ, ನಿಮಗೂ ಅನುಕೂಲ.

ನಿಮ್ಮ ನಾದಿನಿ


ಮಾರ್ಚ್ 27

ನಾದಿನಿಗೆ,

ನಿನ್ನ ಕಾಗದ ಬಂದ ದಿನವೇ ಅತ್ತೆಗೆ ಓದಿ ಹೇಳಿದೆ. "ಒಳ್ಳೇದಾಯ್ತು" ಅಂದರು. ಎದ್ದು ಹೋಗಿ, ಮಡಚಿಟ್ಟಿದ್ದ ಗವಸುಗಳನ್ನೆಲ್ಲ ಬಿಡಿಸಿ ಮತ್ತೊಮ್ಮೆ ಮಡಚಿಟ್ಟರು. ನಿನ್ನ ಮಾತಿನಂತೆ ನಿನ್ನ ಮಂಚ ತೆಗೆದು ಅಲ್ಲಿ ಮೂಟೆ ಇಟ್ಟಿದ್ದೇವೆ. ಜಾಗ ಆಯಿತು.

ಇಷ್ಟು ದಿನ ಉತ್ತರ ಬರೆಯದಿರಲು ಕಾರಣವಿದೆ. ನಮ್ಮ ಹಾಸಿಗೆಗಳು ಪಾಸಾಗುತ್ತಿಲ್ಲ.

ಮೊದಲ ನಾಲ್ಕಾರು ಚೆನ್ನಾಗಿಯೇ ಹೋದವು. ಆಮೇಲೆ ಒಂದು ಮಧ್ಯಾಹ್ನ ಅತ್ತೆ ಮಲಗಿ, ಹೊರಳಿ, ಎದ್ದು ಕೂತು "ಇದ್ರಲ್ಲಿ ಗಂಟಿದೆ" ಅಂದರು. ಆಗುತ್ತದೆ, ಬಿಚ್ಚಿದೆವು, ಹಿಂಜಿದೆವು, ಹೊಲಿದೆವು. ಮಾರನೆಯ ದಿನವೂ ಗಂಟು. ಅದರ ಮಾರನೆಯ ದಿನ ಬೇರೆ ಹಾಸಿಗೆ, ಅದರಲ್ಲೂ ಗಂಟು. ನಾನು ಅಂಗೈಯಿಂದ ಒಂದೊಂದು ಇಂಚನ್ನೂ ಒತ್ತಿ ನೋಡಿದೆ. ನಿನ್ನ ಅಣ್ಣ ಉರುಳಾಡಿ ನೋಡಿದರು, ಅವರಿಗೆ ಅಲ್ಲೇ ನಿದ್ದೆ ಬಂತು, ಆದರೆ ಅವರಿಗೆ ಜಲ್ಲಿ ರಾಶಿಯ ಮೇಲೂ ನಿದ್ದೆ ಬರುತ್ತದೆ, ಆ ಸಾಕ್ಷಿ ನಡೆಯುವುದಿಲ್ಲ.

ಹತ್ತಿ ಕೊಡುವವನನ್ನು ಬದಲಾಯಿಸಿದೆ. ಗವಸಿನ ಬಟ್ಟೆ ಬದಲಾಯಿಸಿದೆ. ಹತ್ತಿಯನ್ನು ತಾರಸಿಯ ಮೇಲೆ ಇನ್ನೂ ಎರಡು ದಿನ ಹೆಚ್ಚು ಒಣಗಿಸಿದೆ. ನಡುವೆ ಕರೆಂಟಿನವರ ಕಾಟ. ಯಂತ್ರಕ್ಕೆ ಹತ್ತಿ ಹಾಕಿದ ಕೂಡಲೇ ಕರೆಂಟ್ ಹೋಗುತ್ತದೆ, ಅವರಿಗೂ ನಮ್ಮ ಯಂತ್ರಕ್ಕೂ ಏನೋ ಹಳೆಯ ಹಗೆ. ಬೀದಿ ಅಗೆದು ಪೈಪು ಹಾಕುತ್ತೇವೆಂದು ನಮ್ಮ ಬಾಗಿಲ ಮುಂದೆಯೇ ಮಣ್ಣು ಗುಡ್ಡೆ ಹಾಕಿದ್ದಾರೆ, ಗಿರಾಕಿಗಳು ಗುಡ್ಡ ಹತ್ತಿ ಇಳಿದು ಬರಬೇಕು. ಇವೆಲ್ಲ ಇದ್ದದ್ದೇ. ಮಣ್ಣಿನ ಮೇಲೆ ಹಲಗೆ ಹಾಕಿದ್ದೇನೆ, ಯಂತ್ರ ನಿಂತಾಗ ಹೊಲಿಗೆ ಮುಂದುವರಿಸುತ್ತೇನೆ. ಹೊರಗಿನ ಅಡ್ಡಿಗೆಲ್ಲ ನನ್ನ ಹತ್ತಿರ ಮದ್ದಿದೆ. ಒಳಗೆ ಕೂತು ಅತ್ತೆ ತಲೆ ಅಲ್ಲಾಡಿಸಿದರೆ ಮಾತ್ರ ಕೈ ಕಾಲು ಆಡುವುದಿಲ್ಲ.

ಹಿಂದಿನ ಕೋಣೆಯಲ್ಲಿ ಕೆಂಪು ದಾರವಿಲ್ಲದ ಹಾಸಿಗೆಗಳು ಸೂರಿನವರೆಗೂ ಏರಿವೆ. ಇವು ಹೋಗದಿದ್ದರೆ ಲಾಡ್ಜಿನ ಆರ್ಡರ್ ಇಲ್ಲ, ಆರ್ಡರ್ ಇಲ್ಲದಿದ್ದರೆ ಅಂಗಡಿ ಇಲ್ಲ. ನಾನು ಹೆದರಿಲ್ಲ. ಬರೆಯಬೇಕೆನಿಸಿತು, ಅಷ್ಟೇ.

ನಿನ್ನ ಅತ್ತಿಗೆ


ಏಪ್ರಿಲ್ 8

ಅತ್ತಿಗೆ,

ನೇರವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಗಂಟು ಹಾಸಿಗೆಯಲ್ಲಿಲ್ಲ, ಅಮ್ಮನ ಬೆನ್ನಲ್ಲಿದೆ. ಅಮ್ಮನಿಗೆ ವಯಸ್ಸಾಯಿತು. ವಯಸ್ಸಾದವರಿಗೆ ನಿದ್ದೆ ಕಡಿಮೆಯಾಗುತ್ತದೆ, ಯಾವ ಡಾಕ್ಟರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ದಾರದ ಉಂಡೆ ನಿಮ್ಮ ಕೈಗೆ ತೆಗೆದುಕೊಳ್ಳಿ, ನೀವೇ ಗಂಟು ಹಾಕಿ, ಗಾಡಿಗೆ ಏರಿಸಿ. ನಿಮ್ಮ ಹೊಲಿಗೆಗೆ ಯಾರ ಸಾಕ್ಷಿಯೂ ಬೇಡ.

ಇನ್ನೊಂದು ವಿಷಯ. ನಿನ್ನೆ ನಿಮ್ಮ ಲಾಡ್ಜಿನ ಯಜಮಾನರು ನಮ್ಮ ಶೋರೂಮಿಗೆ ಬಂದಿದ್ದರು. ನಾನು ಯಾರೆಂದು ಅವರಿಗೆ ಗೊತ್ತಿಲ್ಲ. "ಒಂದು ಕಡೆ ಹತ್ತಿ ಹಾಸಿಗೆ ಹೇಳಿದ್ದೆ. ಬರೀ ನಾಲ್ಕಾರು ಕಳಿಸಿ ಕೂತಿದ್ದಾರೆ. ಕೇಳಿದ್ರೆ ಅತ್ತೆಗೆ ನಿದ್ದೆ ಬಂದಿಲ್ಲ ಅಂತಾರೆ. ಇದೂ ಒಂದು ಕಾರಣಾನಾ ಹೇಳಿ?" ಎಂದು ನನ್ನನ್ನೇ ಕೇಳಿದರು. ನಾನು ಮುಖ ಎಲ್ಲಿಟ್ಟುಕೊಳ್ಳಲಿ! ಅವರು ಹತ್ತು ದಿನದಲ್ಲಿ ತೀರ್ಮಾನ ಹೇಳಲು ಮತ್ತೆ ಬರುತ್ತಾರೆ. ಈ ಆರ್ಡರ್ ಹಿಡಿದರೆ ನನ್ನನ್ನು ಇಡೀ ಮಹಡಿಗೆ ಮುಖ್ಯಸ್ಥೆ ಮಾಡುತ್ತೇನೆ ಎಂದು ಮ್ಯಾನೇಜರ್ ಹೇಳಿದ್ದಾರೆ.

ಏನು ಮಾಡಲಿ ಎಂದು ನಿಮ್ಮನ್ನು ಕೇಳುತ್ತಿಲ್ಲ. ಬೇರೆಯವರ ಬಾಯಿಂದ ನಿಮಗೆ ತಿಳಿಯಬಾರದು, ಅದಕ್ಕೆ ಬರೆದೆ.

ನಾದಿನಿ


ಏಪ್ರಿಲ್ 14

ನಾದಿನಿಗೆ,

ನಿನ್ನ ಕೆಲಸ ನೀನು ಮಾಡು. ಅದರಲ್ಲಿ ನನಗೆ ಸಿಟ್ಟಿಲ್ಲ. ಇದ್ದ ಸಿಟ್ಟನ್ನೆಲ್ಲ ನಿನ್ನೆ ಕೋಲು ಹಿಡಿದು ಹತ್ತಿಯ ಮೇಲೆ ತೀರಿಸಿಕೊಂಡೆ, ಆ ಹತ್ತಿ ಬಹಳ ಚೆನ್ನಾಗಿ ಬಂದಿದೆ. ಆರ್ಡರ್ ನಿನ್ನ ಕೈಗೆ ಬಂದರೆ ತೆಗೆದುಕೋ. ನಾನು ಇನ್ನೊಂದು ಹುಡುಕುತ್ತೇನೆ. ಈ ಬೀದಿಯಲ್ಲಿ ಜಾಗ ಹೋದರೆ ಮುಂದಿನ ಬೀದಿ. ನಿದ್ದೆ ಮಾಡುವ ಜನ ಎಲ್ಲ ಬೀದಿಯಲ್ಲೂ ಇದ್ದಾರೆ.

ಆದರೆ ನೀನು ಹೇಳಿದಂತೆ ದಾರ ನಾನೇ ಕಟ್ಟಲು ಹೋದದ್ದನ್ನು ಹೇಳಬೇಕು. ಉಂಡೆ ಕೈಗೆತ್ತಿಕೊಂಡೆ, ದಬ್ಬಳಕ್ಕೆ ಪೋಣಿಸಿದೆ. ಬಾಗಿಲಲ್ಲಿ ಅತ್ತೆ ನಿಂತಿದ್ದರು. "ಕಟ್ಟಮ್ಮ, ಬೇಡ ಅನ್ನಲ್ಲ. ಅಂಗಡಿ ಉಳೀಬೇಕಲ್ಲ. ಆದ್ರೆ ನಾನು ಮಲಗಿ ನೋಡಿದ್ದು ಅಂತ ಮಾತ್ರ ಯಾರಿಗೂ ಹೇಳ್ಬೇಡ" ಅಂದರು. ಬೈದಿದ್ದರೆ ಕಟ್ಟಿಬಿಡುತ್ತಿದ್ದೆ. ದಾರ ಬಿಚ್ಚಿ ಮತ್ತೆ ಉಂಡೆಗೆ ಸುತ್ತಿಟ್ಟೆ.

ಆಗ ನನಗೊಂದು ಹಟ ಬಂತು. ಅತ್ತೆಯ ಬೆನ್ನೋ, ನನ್ನ ಕೈಯೋ, ಒಂದು ತೀರ್ಮಾನವಾಗಲಿ ಎಂದು ನಿನ್ನ ಹಳೆಯ ಹಾಸಿಗೆ ಹೊರತೆಗೆದೆ. ಅಂಗಡಿ ಶುರು ಮಾಡಿದಾಗ ನೀನೂ ನಾನೂ ಕೂತು ಹೊಲಿದ ಮೊದಲನೆಯ ಹಾಸಿಗೆ. ಅತ್ತೆ ಅದರ ಮೇಲೆ ಮಲಗಿ ಸಂಜೆ ದೀಪ ಹಚ್ಚುವವರೆಗೂ ಏಳದೆ ನಮ್ಮನ್ನು ಹೆದರಿಸಿದ್ದರಲ್ಲ, ಅದೇ. ಅದಕ್ಕೆ ಹೊಸ ಗವಸು ತೊಡಿಸಿ, ಹೊಸ ಹಾಸಿಗೆ ಎಂಬಂತೆ ಹಾಸಿದೆ. ಅತ್ತೆ ಮಲಗಿದರು. ಬಲಕ್ಕೆ ಹೊರಳಿದರು, ಎಡಕ್ಕೆ ಹೊರಳಿದರು. ಎದ್ದು ಕೂತರು. "ಎಲ್ಲಕ್ಕಿಂತ ಜಾಸ್ತಿ ಗಂಟಿರೋದು ಇದ್ರಲ್ಲೇ" ಅಂದರು.

ನಾನು ಗವಸು ಸರಿಸಿ ಮೂಲೆಯ ಕೆಂಪು ದಾರ ತೋರಿಸಿದೆ. ಅವರೇ ಹಾಕಿದ ಗಂಟು. ಸ್ವಲ್ಪ ಹೊತ್ತು ಅದನ್ನು ಬೆರಳಲ್ಲಿ ಸವರುತ್ತಾ ಕೂತರು. ಆಮೇಲೆ "ಇದು ಅವಳದ್ದಲ್ವಾ? ಇದನ್ನ ಯಾಕೆ ತೆಗೆದೆ? ಅವಳು ಬಂದ್ರೆ ಎಲ್ಲಿ ಮಲಗ್ತಾಳೆ?" ಅಂದರು. ನಾನು ಬಾಯಿ ತೆರೆಯುವ ಮೊದಲೇ, "ಹೌದಲ್ಲ, ಅವಳು ಬರಲ್ಲ. ಬರೆದಿದ್ದಾಳಲ್ಲ" ಎಂದು ಅವರೇ ಉತ್ತರ ಹೇಳಿಕೊಂಡರು. ಹೇಳಿ, ನೀರು ಕುಡಿಯಲು ಎದ್ದು ಹೋದರು.

ನಾನು ಅಲ್ಲೇ ಕೂತುಬಿಟ್ಟೆ. ಚಿಂತೆ ಇಲ್ಲದವರಿಗೆ ಸಂತೆಯಲ್ಲೂ ನಿದ್ದೆ ಎಂದು ನಾವು ನಕ್ಕಿದ್ದೆವು. ಚಿಂತೆ ಇದ್ದವರಿಗೆ ಯಾವ ಹತ್ತಿ ತಾನೇ ಸಾಲುತ್ತದೆ? ನಿನ್ನ ಕಾಗದ ಓದಿ ಹೇಳಿದ ಮಧ್ಯಾಹ್ನದಿಂದ ಅವರು ಕಣ್ಣು ಮುಚ್ಚಿಲ್ಲ. ಪಾಪ, ಅವರಿಗೂ ಅದು ಗೊತ್ತಾಗಿಲ್ಲ, ನಿಜವಾಗಿಯೂ ಹತ್ತಿಯಲ್ಲೇ ಗಂಟು ಎಂದುಕೊಂಡಿದ್ದಾರೆ. ನಾನು ಹತ್ತಿಯವನನ್ನು ಬೈದೆ, ಬಟ್ಟೆಯವನನ್ನು ಬೈದೆ, ಕರೆಂಟಿನವರನ್ನಂತೂ ಬಿಡು.

ನಾನು ನಿನ್ನನ್ನು ಬಾ ಎನ್ನುತ್ತಿಲ್ಲ. ಬಾ ಎಂದರೆ ಆರ್ಡರಿಗಾಗಿ ಕರೆದಳು ಎಂದು ನಿನಗೆ ಅನ್ನಿಸುತ್ತದೆ, ನನಗೂ ಅನ್ನಿಸುತ್ತದೆ. ಖಾಯಂ ಕೆಲಸ ಸಣ್ಣದಲ್ಲ. ಆದರೆ ಒಂದು ಕೆಲಸ ಮಾಡಿದ್ದೇನೆ. ಮೂಟೆಗಳನ್ನು ಹಜಾರಕ್ಕೆ ಸಾಗಿಸಿ ನಿನ್ನ ಮಂಚವನ್ನು ಅದರ ಜಾಗದಲ್ಲೇ ಹಾಕಿದ್ದೇನೆ. ಈಗ ನಾವೆಲ್ಲ ಮೂಟೆ ಹತ್ತಿ ಇಳಿದು ಅಡುಗೆಮನೆಗೆ ಹೋಗುತ್ತಿದ್ದೇವೆ. ನಿನ್ನ ಅಣ್ಣ ಎರಡು ಸಲ ಬಿದ್ದರು, ಹತ್ತಿಯ ಮೇಲೆಯೇ ಬಿದ್ದದ್ದರಿಂದ ಏನೂ ಆಗಲಿಲ್ಲ.

ನಿನ್ನನ್ನು ಬಹಳ ನೆನೆಯುವ,
ಅತ್ತಿಗೆ


ಏಪ್ರಿಲ್ 22

ಅತ್ತಿಗೆ,

ಅವರು ಮತ್ತೆ ಬಂದರು. ಬೂಟು ಹಾಕಿಕೊಂಡೇ ಸ್ಪ್ರಿಂಗ್ ಹಾಸಿಗೆಯ ಮೇಲೆ ಮಲಗಿದರು. ಎರಡು ನಿಮಿಷ ಸೂರು ನೋಡಿದರು. "ಚೆನ್ನಾಗಿದೆ" ಅಂದರು. ಆರ್ಡರ್ ಬರೆದುಕೊಳ್ಳುವ ಫಾರಂ ನನ್ನ ಕೈಯಲ್ಲಿತ್ತು, ಪೆನ್ನಿನ ಮುಚ್ಚಳವನ್ನೂ ತೆಗೆದಿದ್ದೆ. ಬಾಯಿಂದ ಬಂದದ್ದೇ ಬೇರೆ. "ಸ್ವಾಮಿ, ನಿಮ್ಮ ಲಾಡ್ಜಿಗೆ ಬರೋರು ಎರಡು ನಿಮಿಷ ಮಲಗಕ್ಕೆ ಬರ್ತಾರಾ? ಆ ಹತ್ತಿ ಅಂಗಡಿಯವರು ನಮ್ಮನೆಯವರೇ. ಅವರು ತಡ ಮಾಡ್ತಾರೆ, ಸುಳ್ಳು ಹೇಳಲ್ಲ. ಮೇ ಕೊನೆವರೆಗೂ ಕಾಯಿರಿ. ಬರದಿದ್ರೆ ನಾನೇ ಇಲ್ಲಿಂದ ಕಳಿಸ್ತೀನಿ" ಅಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಆ ನಿದ್ದೆ ಬರದ ಅಜ್ಜಿ ನಿಮ್ಮ ತಾಯೀನಾ?" ಅಂದರು. ಹೌದು ಎಂದೆ. ಕಾಯುತ್ತೇನೆ ಎಂದು ಹೋದರು.

ಮ್ಯಾನೇಜರ್ ಹಿಂದೆಯೇ ನಿಂತಿದ್ದರು. ಅವರು ಅಂದದ್ದನ್ನು ಬರೆದರೆ ಕಾಗದ ಕಪ್ಪಾಗುತ್ತದೆ. ನಾನು ರಜೆಗೆ ಬರೆದುಕೊಟ್ಟಿದ್ದೇನೆ. ಎಷ್ಟು ದಿನ ಎನ್ನುವ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ತುಂಬಿದರೆ ಅವರೇ ತುಂಬಲಿ.

ನಿಜ ಹೇಳಲೇ? ಈ ಕೋಣೆಯಲ್ಲಿ ನನಗೂ ನಿದ್ದೆ ಬರುತ್ತಿಲ್ಲ. ಸಿಬ್ಬಂದಿಗೆಂದು ಕಡಿಮೆ ಬೆಲೆಗೆ ಕೊಟ್ಟ ಫೋಮ್ ಹಾಸಿಗೆ ಇದೆ, ಗಂಟು ಒಂದೂ ಇಲ್ಲ. ನಾನು ಆ ಟ್ಯಾಂಕನ್ನು ನೋಡುತ್ತಾ ಬಿದ್ದುಕೊಂಡಿರುತ್ತೇನೆ.

ಭಾನುವಾರ ಬರುತ್ತೇನೆ. ಆದರೆ ಸೋತು ಬರುತ್ತಿಲ್ಲ, ಷರತ್ತಿನ ಮೇಲೆ ಬರುತ್ತಿದ್ದೇನೆ. ಬೀದಿ ಕಡೆಯ ಕೋಣೆಯಲ್ಲಿ ಒಂದು ಮಂಚ ಹಾಕಬೇಕು. ಗಿರಾಕಿಗಳು ಚಪ್ಪಲಿ ಬಿಟ್ಟು ಬಂದು, ಬೇಕಾದಷ್ಟು ಹೊತ್ತು ಮಲಗಿ ನೋಡಿಯೇ ಕೊಳ್ಳಬೇಕು. ಶೋರೂಮಿನಲ್ಲಿ ನಾನು ಕಲಿತದ್ದು ಇದೇ, ಅವರು ಏನು ಮಾಡುವುದಿಲ್ಲವೋ ಅದು. ಇನ್ನು ಫೋಮಿನ ವಿಷಯ. ಆ ಜಗಳ ಮುಗಿದಿಲ್ಲ. ಬಂದ ಮೇಲೆ ಎದುರೆದುರು ಕೂತು ಆಡೋಣ.

ಅಮ್ಮನಿಗೆ ಏನೂ ಹೇಳಬೇಡಿ. ಹೇಳಿದರೆ ಭಾನುವಾರದವರೆಗೂ ಬಾಗಿಲಲ್ಲೇ ನಿಂತಿರುತ್ತಾಳೆ.

ನಿಮ್ಮ ಮೊಂಡಿ


ಮೇ 30

ಲಾಡ್ಜಿನ ಯಜಮಾನರಿಗೆ ನಮಸ್ಕಾರ.

ಈ ಕಾಗದ ತಂದ ಗಾಡಿಯಲ್ಲಿ ನಿಮ್ಮ ಹಾಸಿಗೆಗಳಿವೆ. ಎಲ್ಲದರ ಮೂಲೆಯಲ್ಲೂ ಕೆಂಪು ದಾರವಿದೆ, ಇಳಿಸಿಕೊಳ್ಳುವಾಗ ನೋಡಿಕೊಳ್ಳಿ. ಮೊದಲು ಕಳಿಸಿದ್ದನ್ನೂ ಸೇರಿಸಿ ಎಣಿಸಿದರೆ ಎರಡು ಡಜನಿಗೆ ಒಂದು ಕಡಿಮೆ ಬರುತ್ತದೆ. ಎಣಿಕೆ ತಪ್ಪಿದ್ದಲ್ಲ. ಕಾರಣ ಬರೆಯುತ್ತೇನೆ, ದಯವಿಟ್ಟು ಈ ಸಲವೂ "ಇದೂ ಒಂದು ಕಾರಣಾನಾ" ಎನ್ನಬೇಡಿ.

ತಡವಾದದ್ದಕ್ಕೆ ಕ್ಷಮೆ ಇರಲಿ. ಮಾರ್ಚಿನಿಂದ ಏಪ್ರಿಲ್ ಕೊನೆಯವರೆಗೂ ನಮ್ಮ ಅತ್ತೆಗೆ ನಿದ್ದೆ ಇರಲಿಲ್ಲ. ನಮ್ಮ ನಾದಿನಿ, ಶೋರೂಮಿನಲ್ಲಿ ನಿಮ್ಮನ್ನು ಕಾಯಿರಿ ಎಂದವಳು, ಒಂದು ಭಾನುವಾರ ಚೀಲ ಹಿಡಿದು ಬಾಗಿಲ ಮುಂದಿನ ಮಣ್ಣುಗುಡ್ಡೆ ಇಳಿದು ಬಂದಳು. ಅತ್ತೆ ಅವಳನ್ನು ನೋಡಿ "ಇಳಿದುಹೋಗಿದ್ದೀಯ" ಅಂದರು, ಅಷ್ಟೇ. ಅವಳು ಊಟ ಮಾಡಿ ತನ್ನ ಹಳೆಯ ಮಂಚದಲ್ಲಿ ಬಿದ್ದುಕೊಂಡಳು. ಅತ್ತೆ ಈಚೆ ಬಂದು, ರಾಶಿಯಲ್ಲಿ ಮೇಲಿದ್ದ ಹಾಸಿಗೆ ಇಳಿಸಿಕೊಂಡು ಮಲಗಿದರು. ಎದ್ದು ದಾರ ಕೇಳಿದರು. "ಈಗ ಸರಿಯಾಗಿ ಹೊಲಿದಿದ್ದೀರ" ಅಂದರು. ಅದರ ಒಂದು ಹೊಲಿಗೆಯನ್ನೂ ನಾವು ಮುಟ್ಟಿರಲಿಲ್ಲ, ಅದನ್ನು ಇವತ್ತಿನವರೆಗೂ ಅವರಿಗೆ ಹೇಳಿಲ್ಲ. ಆಮೇಲೆ ಹೊಲಿದು ಮುಗಿದ ಹಾಗೆಲ್ಲ ಮಧ್ಯಾಹ್ನಕ್ಕೆ ಒಂದೊಂದೇ ಪಾಸಾಯಿತು.

ಕಟ್ಟಡದ ಮಾಲೀಕರು ಮೊನ್ನೆ ಬಂದಾಗ ನಾದಿನಿ ಅವರನ್ನೂ ಬೀದಿ ಕಡೆಯ ಕೋಣೆಯಲ್ಲಿ ಚಪ್ಪಲಿ ಬಿಡಿಸಿ ಮಲಗಿಸಿದಳು. ಎದ್ದ ಮೇಲೆ ಅವರು ಗಾದೆ ಹೇಳಲಿಲ್ಲ, ತಮ್ಮ ಕಾಲಿನ ಅಳತೆ ಕೊಟ್ಟು ಹೋದರು. ಮುಂಗಡವನ್ನು ಮಾತ್ರ ಬಿಡಲಿಲ್ಲ, ಅದನ್ನು ನಿಮ್ಮ ಹಣ ಬಂದ ದಿನವೇ ಕೊಡುತ್ತೇವೆ. ಅಂಗಡಿ ಇಲ್ಲೇ ಇರುತ್ತದೆ. ಮುಂದೆಯೂ ಬನ್ನಿ. ಹಾಸಿಗೆ ಸ್ವಲ್ಪ ಬೇಗ ಸಿಗುತ್ತದೆ ಎಂದು ಬರೆಯಿರಿ ಎಂದು ನಾದಿನಿ ಪಕ್ಕದಲ್ಲೇ ಕೂತು ಹೇಳುತ್ತಿದ್ದಾಳೆ. ಫೋಮ್ ಹಾಕದೆಯೇ ಎಂದು ನಾನು ಸೇರಿಸುತ್ತಿದ್ದೇನೆ. ಅವಳು ಪೆನ್ನು ಕಿತ್ತುಕೊಳ್ಳಲು ನೋಡುತ್ತಿದ್ದಾಳೆ.

ಈಗ ಆ ಒಂದು ಹಾಸಿಗೆಯ ವಿಷಯ. ಗಾಡಿ ಬೆಳಿಗ್ಗೆಯೇ ಬರುತ್ತದೆ, ಮಧ್ಯಾಹ್ನದವರೆಗೆ ಕಾಯಲಾಗದು ಎಂದು ಅತ್ತೆ ಈ ದಿನ ತಿಂಡಿ ಮುಗಿಸಿದ ಕೂಡಲೇ ಕೊನೆಯದರ ಮೇಲೆ ಮಲಗಿದರು. ಗಾಡಿ ಬಂತು. ಉಳಿದವನ್ನು ಅವರ ಪಕ್ಕದಲ್ಲೇ ಹೊತ್ತು ಸಾಗಿಸಿದೆವು. ಯಂತ್ರ ಓಡಿತು, ಗಾಡಿಯವನು ಹಾರ್ನ್ ಹೊಡೆದ, ನಮ್ಮ ಮನೆಯವರ ಕೈಯಿಂದ ಮಂಚದ ಹಲಗೆ ಜಾರಿ ಬಿತ್ತು. ಅವರು ಏಳಲಿಲ್ಲ, ಗೊರಕೆಯೂ ನಿಲ್ಲಲಿಲ್ಲ. ಒಂದು ಕೈ ನಾದಿನಿಯ ಸೆರಗಿನ ಮೇಲಿದೆ. ಅವಳು ಅಲ್ಲಿಂದ ಏಳುವ ಹಾಗಿಲ್ಲ, ಅದಕ್ಕೇ ನಾನೂ ಇಲ್ಲೇ ನೆಲದ ಮೇಲೆ ಕೂತು ಈ ಕಾಗದ ಬರೆಯುತ್ತಿದ್ದೇನೆ.

ಗಾಡಿಯವನನ್ನು ಇನ್ನು ಕಾಯಿಸುವುದು ಸರಿಯಲ್ಲ. ಅತ್ತೆಯನ್ನು ಎಬ್ಬಿಸುವುದು ನಮ್ಮಿಬ್ಬರಿಗೂ ಆಗದ ಕೆಲಸ. ಅವರು ತಾವಾಗಿಯೇ ಎದ್ದ ಮೇಲೆ ದಾರ ಕಟ್ಟಿಸಿ, ನಾಳೆ ಆ ಹಾಸಿಗೆಯನ್ನು ನಾವಿಬ್ಬರೂ ಹೊತ್ತು ತಂದು ಕೊಡುತ್ತೇವೆ.

ಇಂತಿ,
ಮಲಗಿರುವವರ ಸೊಸೆ
ಮಲಗಿರುವವರ ಮಗಳು